ಸಪೂರ ಪಾದಗಳಿಗೆ ಅಳತೆಯೇ ಇಲ್ಲವೇ?

ಮಲೆನಾಡಿನಲ್ಲಿ ನಡಿಗೆಯೆಂಬುದು ಹವ್ಯಾಸವಲ್ಲ, ಬದುಕು. ಶಾಲೆಗೆ ಹೋಗುವ ಮಗು, ತೋಟಕ್ಕೆ ಸೊಪ್ಪು ಹೊರುವ ಹೆಣ್ಣುಮಗಳು, ಕೈಮರದವರೆಗೆ ಹಾಲಿನ ಕ್ಯಾನು ಒಯ್ಯುವ ರೈತ, ಬೇಸಿಗೆಯಲ್ಲಿ ಬೆಂಕಿ ರೇಖೆ ಕಾಯುವ ಅರಣ್ಯ ವಾಚರ್, ಇವರೆಲ್ಲರ ದಿನವೂ ಏರು ಮತ್ತು ಇಳುಕಲುಗಳ ನಡುವೆಯೇ ಕಳೆಯುತ್ತದೆ. ಇದಕ್ಕೆ ಈಗ ಚಾರಣಕ್ಕೂ ಪ್ರಕೃತಿ ಶಿಬಿರಕ್ಕೂ ಬರುವ ವಿದ್ಯಾರ್ಥಿಗಳೂ ಸೇರಿದ್ದಾರೆ. ಆದರೂ ಈ ನಡಿಗೆಯ ಭಾರವನ್ನೆಲ್ಲ ಹೊರುವ ಪಾದದ ಕುರಿತು, ಆ ಪಾದಕ್ಕೆ ತೊಡುವ ಮೆಟ್ಟಿನ ಕುರಿತು ಪರಿಸರ ಚಳವಳಿಯ ಪುಟಗಳಲ್ಲಿ ಚರ್ಚೆ ನಡೆದದ್ದು ತೀರಾ ಕಡಿಮೆ. ಗಣಿ, ಅಣೆಕಟ್ಟು, ನೆಡುತೋಪುಗಳಂತಹ ಗುರುತರ ಸಂಗತಿಗಳ ಮುಂದೆ ಬೂಟಿನ ವಿಷಯ ಕ್ಷುಲ್ಲಕವೆಂದು ತೋರುವುದು ಸಹಜ. ಆದರೆ ಕಾಡನ್ನು ಉಳಿಸಬೇಕೆನ್ನುವವರು ಮೊದಲು ಕಾಡಿನೊಳಗೆ ನಡೆಯಬೇಕು. ನಡೆಯಲಾರದೆ ಹಿಂದುಳಿದವರು ಚಳವಳಿಯಿಂದಲೂ ಹಿಂದುಳಿಯುತ್ತಾರೆ.

ಮಳೆಗಾಲ ಮುಗಿದೊಡನೆ ಕಾಲೇಜುಗಳಲ್ಲಿ ಚಾರಣದ ಸಿದ್ಧತೆ ಆರಂಭವಾಗುತ್ತದೆ. ಸಣಕಲು ದೇಹದ, ಸಪೂರ ಪಾದದ ವಿದ್ಯಾರ್ಥಿನಿಯೊಬ್ಬಳು ತಾಲೂಕು ಕೇಂದ್ರದ ಅಂಗಡಿಗೆ ಹೋಗುತ್ತಾಳೆ ಎಂದುಕೊಳ್ಳೋಣ. ಅಂಗಡಿಯವರು ಕೇಳುವುದು ಒಂದೇ ಪ್ರಶ್ನೆ: ನಂಬರ್ ಎಷ್ಟು? ಆರನೆಯ ನಂಬರಿನ ಬೂಟು ಉದ್ದಕ್ಕೆ ಸರಿಹೊಂದುತ್ತದೆ, ಆದರೆ ಪಾದ ಅದರೊಳಗೆ ಅತ್ತಿಂದಿತ್ತ ಜಾರುತ್ತದೆ. ಐದನೆಯ ನಂಬರು ಅಗಲಕ್ಕೆ ಹಿತವೆನಿಸುತ್ತದೆ, ಆದರೆ ಬೆರಳ ತುದಿ ಮುಂಭಾಗಕ್ಕೆ ತಾಗುತ್ತದೆ. ‘ಹಾಕಿ ಹಾಕಿ ಸರಿಹೋಗುತ್ತದೆ’ ಎಂಬ ಭರವಸೆಯೊಂದಿಗೆ ಐದನೆಯ ನಂಬರೇ ಮನೆಗೆ ಬರುತ್ತದೆ. ಸುಬ್ರಹ್ಮಣ್ಯದಿಂದ 1,712 ಮೀಟರ್ ಎತ್ತರದ ಕುಮಾರಪರ್ವತವನ್ನು ಏರುವಾಗ ಹೆಚ್ಚಿನ ತೊಂದರೆ ತೋರದು. ನಿಜವಾದ ಪರೀಕ್ಷೆ ಇಳಿಯುವಾಗ. ಒಂದೂವರೆ ಸಾವಿರ ಮೀಟರಿನ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಬೂಟಿನ ಗೋಡೆಗೆ ಗುದ್ದುತ್ತದೆ. ಗಿರಿಗದ್ದೆ ತಲುಪುವಷ್ಟರಲ್ಲಿ ಉಗುರಿನಡಿ ರಕ್ತ ಕಟ್ಟಿರುತ್ತದೆ, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿರುತ್ತದೆ. ಕೆಲವು ವಾರಗಳಲ್ಲಿ ಉಗುರು ಕಪ್ಪಾಗಿ ಉದುರುತ್ತದೆ. ಮರುವರ್ಷದ ಶಿಬಿರದ ಪಟ್ಟಿಯಲ್ಲಿ ಆಕೆಯ ಹೆಸರಿರುವುದಿಲ್ಲ. ‘ಅವಳಿಗೆ ಗುಡ್ಡ ಆಗುವುದಿಲ್ಲ’ ಎಂದು ಸಂಗಾತಿಗಳು ತೀರ್ಮಾನಿಸುತ್ತಾರೆ. ಆಗದೆ ಹೋದದ್ದು ಬೂಟು ಎಂಬುದನ್ನು ಯಾರೂ ಹೇಳುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಿರಿಯರ ಮಾತು. ಖರ್ಚಿನ ವಿಷಯದಲ್ಲಿ ಅದು ವಿವೇಕದ ಮಾತೇ ಸರಿ. ಆದರೆ ಬೂಟಿನ ಅಂಗಡಿಯಲ್ಲಿ ಅದನ್ನು ಅಕ್ಷರಶಃ ಪಾಲಿಸಬೇಕಾಗಿ ಬಂದಿರುವುದು ವಿಪರ್ಯಾಸ.

ನಂಬರು ಹೇಳುವುದೇನು, ಹೇಳದಿರುವುದೇನು

ಅಂಗಡಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವುದು ಬ್ರಿಟಿಷರು ಬಿಟ್ಟುಹೋದ ಅಳತೆ. ಅದರ ಮೂಲ ಬಾರ್ಲಿ ಕಾಳು. ಮೂರು ಕಾಳನ್ನು ಸಾಲಾಗಿಟ್ಟರೆ ಒಂದು ಇಂಚು ಎಂಬ ಹಳೆಯ ಲೆಕ್ಕದಂತೆ, ಒಂದು ನಂಬರಿನಿಂದ ಮುಂದಿನ ನಂಬರಿಗೆ ಉದ್ದ ಇಂಚಿನ ಮೂರನೆಯ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್ ಹೆಚ್ಚುತ್ತದೆ. ಯುರೋಪಿನ ಇತರ ದೇಶಗಳ ನಂಬರು ಸೆಂಟಿಮೀಟರಿನ ಮೂರನೆಯ ಎರಡು ಭಾಗದಂತೆ ಏರುತ್ತದೆ. ಎರಡೂ ಹೇಳುವುದು ಉದ್ದವನ್ನು ಮಾತ್ರ. ಅಗಲವನ್ನು ತಯಾರಕರು ತಮ್ಮ ಅಚ್ಚಿನಲ್ಲೇ ನಿರ್ಧರಿಸಿಬಿಟ್ಟಿರುತ್ತಾರೆ. ಬೂಟಿನ ಮೇಲ್ಭಾಗವನ್ನು ಎಳೆದು ಕೂರಿಸುವ, ಪಾದದಾಕಾರದ ಆ ಅಚ್ಚೇ ಬೂಟಿನ ನಿಜವಾದ ಒಡೆಯ. ಅಚ್ಚು ಅಗಲವಾಗಿದ್ದರೆ ಸಪೂರ ಪಾದದವರು ಎಷ್ಟು ನಂಬರು ಬದಲಿಸಿದರೂ ಪ್ರಯೋಜನವಿಲ್ಲ. ಒಂದು ನಂಬರು ಇಳಿದಾಗ ಅಗಲದ ಜೊತೆಗೆ ಉದ್ದವೂ ಕಡಿಮೆಯಾಗುತ್ತದೆ. ಅಗಲದ ಕೊರತೆಯನ್ನು ಉದ್ದದಿಂದ ತುಂಬಲಾಗದು.

ಈ ಸತ್ಯ ಪಾದರಕ್ಷೆ ಉದ್ಯಮಕ್ಕೆ ಹೊಸದೇನಲ್ಲ. ಅಮೆರಿಕದ ಸಿರಾಕ್ಯೂಸ್ ನಗರದ ಚಾರ್ಲ್ಸ್ ಬ್ರಾನಕ್ 1920ರ ದಶಕದಲ್ಲೇ ಪಾದದ ಉದ್ದ, ಅಗಲ ಹಾಗೂ ಹಿಮ್ಮಡಿಯಿಂದ ಹೆಬ್ಬೆರಳ ಬುಡದವರೆಗಿನ ದೂರ ಮೂರನ್ನೂ ಒಮ್ಮೆಗೇ ಅಳೆಯುವ ಲೋಹದ ಸಾಧನವೊಂದನ್ನು ರೂಪಿಸಿದರು. ಅಲ್ಲಿ ಅಗಲಕ್ಕೂ ಅಕ್ಷರಗಳ ಗುರುತಿದೆ. ಗಂಡಸರಿಗೆ ಡಿ, ಹೆಂಗಸರಿಗೆ ಬಿ ಸಾಮಾನ್ಯ ಅಗಲವಾದರೆ, ಅದಕ್ಕಿಂತ ಕಿರಿದಾದವುಗಳು ಎ ಕಡೆಗೆ ಸಾಗುತ್ತವೆ. ಮಿಲಿಮೀಟರಿನಲ್ಲಿ ಪಾದದ ಉದ್ದವನ್ನೂ ಅಗಲವನ್ನೂ ನಮೂದಿಸುವ ಮಾಂಡೋಪಾಯಿಂಟ್ ಎಂಬ ಅಂತರರಾಷ್ಟ್ರೀಯ ಕ್ರಮವೂ ಇದೆ. ಜರ್ಮನಿಯ ಲೋವಾದಂತಹ ಬೂಟು ತಯಾರಕರು ಕೆಲವು ಮಾದರಿಗಳನ್ನು ಕಿರಿದು, ಸಾಮಾನ್ಯ, ಅಗಲ ಎಂಬ ಮೂರು ಬಗೆಯಲ್ಲಿ ತಯಾರಿಸಿದ್ದಾರೆ. ಇಟಲಿಯ ಕೆಲವು ಬೂಟುಗಳು ಮೊದಲಿನಿಂದಲೂ ಸಪೂರ ಪಾದದವರಿಗೆ ಹೊಂದುವವು ಎಂದು ಚಾರಣಿಗರಲ್ಲಿ ಹೆಸರಾಗಿವೆ. ಆದರೆ ಇವುಗಳ ಬೆಲೆ ಹಳ್ಳಿಯ ವಿದ್ಯಾರ್ಥಿಯ ಕೈಗೆಟುಕುವಂಥದ್ದಲ್ಲ. ತಾಲೂಕು ಕೇಂದ್ರದ ಅಂಗಡಿಯಲ್ಲಿ ನಂಬರಿಗೊಂದೇ ಅಗಲ, ಅದೇ ಕೊನೆಯ ಮಾತು.

ಸರಾಸರಿ ಎಂಬ ಮೋಸ

ಭಾರತೀಯರ ಪಾದಕ್ಕೆ ಭಾರತದ್ದೇ ಅಳತೆ ಬೇಕೆಂಬ ಕೂಗು ಹಳೆಯದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಯಂತ್ರಗಳ ಮೂಲಕ ಅಳೆಯಿತು. ಭಾರತೀಯರ ಪಾದ ಒಟ್ಟಾರೆ ಯುರೋಪ್ ಮತ್ತು ಅಮೆರಿಕದವರ ಪಾದಕ್ಕಿಂತ ಅಗಲ, ಕಿರಿದಾದ ಮೆಟ್ಟು ಒತ್ತುವುದರಿಂದ ಅನೇಕರು ತಮ್ಮ ಉದ್ದಕ್ಕಿಂತ ದೊಡ್ಡ ನಂಬರನ್ನು ತೊಡುತ್ತಿದ್ದಾರೆ ಎಂಬುದು ಆ ಸಮೀಕ್ಷೆಯಿಂದ ಕಂಡುಬಂತು. ಅದರ ಆಧಾರದ ಮೇಲೆ ‘ಭ’ ಎಂಬ ಹೆಸರಿನ, ವಯಸ್ಸು ಮತ್ತು ಲಿಂಗಕ್ಕನುಗುಣವಾಗಿ ಎಂಟು ವರ್ಗಗಳುಳ್ಳ ಹೊಸ ಅಳತೆಯ ಪ್ರಸ್ತಾಪ 2024ರಲ್ಲಿ ಸುದ್ದಿಯಾಯಿತು. ಬಹುಸಂಖ್ಯಾತರ ಪಾದಕ್ಕೆ ಇದು ಉಪಕಾರಿ ಎಂಬುದರಲ್ಲಿ ಸಂದೇಹವಿಲ್ಲ. ವಸಾಹತು ಕಾಲದ ನಂಬರನ್ನು ಕೈಬಿಡುವುದು ಸ್ವಾಗತಾರ್ಹವೇ.

ಆದರೆ ಇಲ್ಲಿಯೇ ಎಚ್ಚರ ಬೇಕು. ದೇಶದ ಸರಾಸರಿ ಪಾದ ಅಗಲವೆಂದು ತೀರ್ಮಾನವಾಗಿ, ಅಚ್ಚುಗಳೆಲ್ಲ ಅಗಲವಾದರೆ, ಈಗಾಗಲೇ ಬೂಟಿನೊಳಗೆ ಜಾರುತ್ತಿರುವ ಸಪೂರ ಪಾದದವರ ಗತಿಯೇನು? ನಿನ್ನೆ ಅಗಲ ಪಾದದವರು ಅನುಭವಿಸಿದ ಕಷ್ಟವನ್ನು ನಾಳೆ ಸಪೂರ ಪಾದದವರು ಅನುಭವಿಸಬೇಕೆ? ಸರಾಸರಿಯೆಂಬುದು ಲೆಕ್ಕದ ಪುಸ್ತಕದಲ್ಲಿರುತ್ತದೆ, ಅದು ಗುಡ್ಡ ಹತ್ತುವುದಿಲ್ಲ. ಗುಡ್ಡ ಹತ್ತುವುದು ಒಬ್ಬೊಬ್ಬರ ಪಾದ.

ಮಲೆನಾಡಿನವರಿಗೆ ಈ ತರ್ಕ ಪರಿಚಿತವಾದದ್ದೇ. ಎಲ್ಲ ಗುಡ್ಡಗಳಿಗೂ ಒಂದೇ ಮರ ಸಾಕೆಂದು ಅಕೇಶಿಯಾ ನೆಟ್ಟದ್ದೂ ಇಂತಹದೇ ಲೆಕ್ಕದಿಂದ. ನೂರು ಜಾತಿಯ ಮರಗಳಿದ್ದ ಕಡೆ ಒಂದೇ ಜಾತಿ ನಿಂತಾಗ ಲೆಕ್ಕ ಸುಲಭವಾಯಿತು, ಜೀವವೈವಿಧ್ಯ ಬಡವಾಯಿತು. ಕಾಡಿನ ವೈವಿಧ್ಯಕ್ಕಾಗಿ ವಾದಿಸುವವರು ಮನುಷ್ಯದೇಹದ ವೈವಿಧ್ಯವನ್ನು ಒಪ್ಪದಿರಲು ಕಾರಣವಿಲ್ಲ. ಹೊಸ ಅಳತೆ ಜಾರಿಗೆ ಬರುವುದಾದರೆ ಪ್ರತಿ ಉದ್ದಕ್ಕೂ ಕನಿಷ್ಠ ಎರಡು ಅಗಲಗಳಾದರೂ ಇರಬೇಕು, ಉದ್ದ ಮತ್ತು ಅಗಲ ಎರಡೂ ಮಿಲಿಮೀಟರಿನಲ್ಲಿ ಡಬ್ಬಿಯ ಮೇಲೆ ಅಚ್ಚಾಗಿರಬೇಕು ಎಂಬುದು ನ್ಯಾಯವಾದ ಬೇಡಿಕೆ.

ಬರಿಗಾಲಿನ ವಾದ

‘ಹಿರಿಯರು ಬರಿಗಾಲಲ್ಲೇ ಕಾಡು ಸುತ್ತಲಿಲ್ಲವೇ? ಈ ಬೂಟಿನ ಶೋಕಿ ಏಕೆ?’ ಎಂಬ ಆಕ್ಷೇಪ ಬಂದೇ ಬರುತ್ತದೆ. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಅಂಕೋಲೆಯ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ್ದು ಬರಿಗಾಲಿನಲ್ಲೇ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಸಾವಿರಾರು ಸಸಿಗಳನ್ನು ಬೆಳೆಸಿದ ಆ ಪಾದಗಳಿಗೆ ಯಾವ ಕಂಪನಿಯ ಬೂಟೂ ಬೇಕಿರಲಿಲ್ಲ. ಬರಿಗಾಲ ನಡಿಗೆ ಪಾದಕ್ಕೆ ಹಿತವೆಂಬುದಕ್ಕೆ ವೈದ್ಯಕೀಯ ಆಧಾರವೂ ಇದೆ. ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬ ವೈದ್ಯರು 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೆಟ್ಟು ತೊಡುವ ಮಕ್ಕಳಲ್ಲಿ ನೂರಕ್ಕೆ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ ಅದು 2.8 ಮಾತ್ರ. ಬೆರಳು ಮುಚ್ಚುವ ಶೂ ತೊಟ್ಟವರಲ್ಲೇ ಅದು ಅತಿ ಹೆಚ್ಚು.

ಆದರೆ ಬರಿಗಾಲ ನಡಿಗೆ ಬಾಲ್ಯದಿಂದ ಬೆಳೆಸಿಕೊಂಡ ಶಕ್ತಿ. ಅದಕ್ಕೆ ಗಟ್ಟಿಯಾದ ಅಂಗಾಲು, ಹರಡಿಕೊಂಡ ಬೆರಳುಗಳು, ಪ್ರತಿ ಕಲ್ಲನ್ನೂ ಬಲ್ಲ ಪರಿಚಿತ ಹಾದಿ ಬೇಕು. ಆರನೆಯ ವಯಸ್ಸಿನಿಂದ ಶಾಲೆಯ ಕಪ್ಪು ಶೂ ತೊಟ್ಟು ಬೆಳೆದ ಪಾದಕ್ಕೆ ಒಂದು ದಿನದಲ್ಲಿ ಆ ಶಕ್ತಿ ಬರುವುದಿಲ್ಲ. ಮೇಲಾಗಿ ಹಾವಿನ ಕಡಿತದಿಂದ ಭಾರತದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತರೆಂಬ ಅಂದಾಜಿದೆ. ಕಡಿತಗಳಲ್ಲಿ ಬಹುಪಾಲು ಬೀಳುವುದು ಕಾಲಿಗೆ. ಬರಿಗಾಲನ್ನು ಗೌರವಿಸೋಣ. ಆದರೆ ಅದನ್ನು ಬಡವರ ಮೇಲೆ ಹೇರುವ ಆದರ್ಶವಾಗಿಸುವುದು ಬೇಡ.

ಇನ್ನೊಂದು ತುದಿಯ ಭ್ರಮೆಯೂ ಅಷ್ಟೇ ಹಾನಿಕರ. ಬೂಟು ದಪ್ಪವಾಗಿ, ಭಾರವಾಗಿ, ದುಬಾರಿಯಾಗಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ನಗರದ ಚಾರಣಿಗರಲ್ಲಿ ಬೇರೂರಿದೆ. ಪಾದಕ್ಕೆ ಕಟ್ಟಿದ ಭಾರ ಬೆನ್ನಿನ ಭಾರಕ್ಕಿಂತ ಹಲವು ಪಟ್ಟು ದಣಿಸುತ್ತದೆ. ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲೇಶಿಯನ್ ಬೆಟ್ಟದ ಹಾದಿಯನ್ನು ಒಬ್ಬರೇ ನಡೆದು ಮುಗಿಸಿದ್ದು ಸಾಧಾರಣ ಕ್ಯಾನ್ವಾಸ್ ಶೂಗಳಲ್ಲಿ. ಸಹ್ಯಾದ್ರಿಯಲ್ಲಿ ಹಿಮವಿಲ್ಲ. ಇಲ್ಲಿರುವುದು ಜಾರುವ ಜಂಬಿಟ್ಟಿಗೆ, ಹುಲ್ಲಿನ ಇಳಿಜಾರು, ಹಳ್ಳದ ಪಾಚಿಗಲ್ಲು, ಮತ್ತು ಮಳೆಗಾಲದ ಇಂಬಳ. ಇವಕ್ಕೆ ಬೇಕಾದದ್ದು ಹಿಡಿತವುಳ್ಳ ಅಡಿ, ಬೇಗ ಒಣಗುವ ಮೈ, ಮತ್ತು ಎಲ್ಲಕ್ಕಿಂತ ಮೊದಲು ಪಾದಕ್ಕೆ ಒಪ್ಪುವ ಅಳತೆ. ನೀರು ನುಗ್ಗದ ದುಬಾರಿ ಬೂಟಿನೊಳಗೆ ಮೇಲಿನಿಂದ ಒಮ್ಮೆ ಹಳ್ಳದ ನೀರು ಹೊಕ್ಕರೆ ಅದು ಹೊರಗೂ ಹೋಗದು. ಹರಡಿನವರೆಗೆ ಲೇಸು ಬಿಗಿಯಬಹುದಾದ ಹಗುರ ಕ್ಯಾನ್ವಾಸ್ ಬೂಟು ಎಷ್ಟೋ ಸಲ ಸಪೂರ ಪಾದವನ್ನು ಚೆನ್ನಾಗಿ ಅಪ್ಪಿಕೊಳ್ಳುತ್ತದೆ.

ಸಪೂರ ಪಾದದವರು ಗಮನಿಸಬೇಕಾದದ್ದು

ವ್ಯವಸ್ಥೆ ಬದಲಾಗುವವರೆಗೆ ಕಾಲು ಕಾಯುವುದಿಲ್ಲ. ಆದ್ದರಿಂದ ಕೆಲವು ವ್ಯಾವಹಾರಿಕ ಸಂಗತಿಗಳನ್ನು ಅರಿತಿರುವುದು ಒಳಿತು.

ಮೊದಲಿಗೆ ಪಾದವನ್ನು ಅಳೆಯಬೇಕು. ದಿನವಿಡೀ ನಡೆದ ಪಾದ ಸಂಜೆಯ ವೇಳೆಗೆ ತುಸು ಊದಿಕೊಂಡಿರುತ್ತದೆ, ಅಳತೆಗೆ ಅದೇ ಸೂಕ್ತ ಸಮಯ. ಕಾಗದದ ಮೇಲೆ ಪೂರ್ಣ ಭಾರ ಹಾಕಿ ನಿಂತು, ಪೆನ್ಸಿಲನ್ನು ನೇರವಾಗಿ ಹಿಡಿದು ಮತ್ತೊಬ್ಬರಿಂದ ಸುತ್ತ ಗೆರೆ ಎಳೆಸಬೇಕು. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನ ತುದಿಯವರೆಗೆ ಉದ್ದ, ಬೆರಳುಗಳ ಬುಡದಲ್ಲಿ ಅಗಲ, ಅದೇ ಜಾಗದಲ್ಲಿ ಟೇಪು ಸುತ್ತಿ ಸುತ್ತಳತೆ, ಈ ಮೂರನ್ನೂ ಬರೆದಿಡಬೇಕು. ಎರಡು ಪಾದಗಳೂ ಒಂದೇ ಅಳತೆಯವೆಂದು ಭಾವಿಸಬಾರದು. ದೊಡ್ಡ ಪಾದಕ್ಕೆ ಬೂಟು ಆರಿಸಿ, ಚಿಕ್ಕದರ ಸಡಿಲವನ್ನು ತುಂಬಿಕೊಳ್ಳುವುದು ಸರಿಯಾದ ಕ್ರಮ. ಸಪೂರ ಪಾದಗಳಲ್ಲಿಯೂ ಭೇದಗಳಿವೆ. ಕೆಲವರದು ಉದ್ದಕ್ಕೂ ಕಿರಿದು, ಕೆಲವರದು ಬೆರಳ ಬಳಿ ಅಗಲವಿದ್ದು ಹಿಮ್ಮಡಿ ಮಾತ್ರ ಕಿರಿದು, ಇನ್ನು ಕೆಲವರದು ಅಗಲ ಸಾಕಷ್ಟಿದ್ದರೂ ಮೇಲ್ಪಾದ ತಗ್ಗು. ತನ್ನದು ಯಾವ ಬಗೆ ಎಂಬುದು ತಿಳಿದರೆ ಅರ್ಧ ಸಮಸ್ಯೆ ಬಗೆಹರಿದಂತೆ.

ಅಂಗಡಿಯಲ್ಲಿ ಬೂಟಿನ ಒಳಹಾಸನ್ನು ಹೊರತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲಬೇಕು. ಪಾದದ ಎರಡೂ ಬದಿಗೆ ಒಳಹಾಸು ಧಾರಾಳವಾಗಿ ಹೊರಗೆ ಕಾಣಿಸಿದರೆ ಅಚ್ಚು ಅಗಲವೆಂದೇ ಅರ್ಥ. ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು, ಇಳಿಜಾರಿನಲ್ಲಿ ಉಗುರನ್ನು ಕಾಯುವುದು ಆ ಜಾಗವೇ. ಬೂಟು ತೊಟ್ಟು ಲೇಸು ಬಿಗಿದಾಗ ಎರಡು ಬದಿಯ ರಂಧ್ರಗಳ ಸಾಲು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದರೆ, ಇಲ್ಲವೇ ಮೇಲ್ಭಾಗದ ಚರ್ಮ ಮಡಿಚಿ ನೆರಿಗೆಗಟ್ಟಿದರೆ, ಆ ಬೂಟನ್ನು ಕೆಳಗಿಡುವುದು ಲೇಸು. ಅಂಗಡಿಯ ಮೆಟ್ಟಿಲನ್ನು ಹತ್ತಿದಾಗ ಹಿಮ್ಮಡಿ ಮೇಲೇಳಬಾರದು, ಇಳಿದಾಗ ಬೆರಳು ಗುದ್ದಬಾರದು. ಚಾರಣಕ್ಕೆ ತೊಡುವ ಕಾಲ್ಚೀಲವನ್ನೇ ತೊಟ್ಟು ಪರೀಕ್ಷಿಸಬೇಕು. ಹೆಂಗಸರ ಬೂಟಿನ ಅಚ್ಚು ಸಾಮಾನ್ಯವಾಗಿ ಹಿಮ್ಮಡಿಯಲ್ಲಿ ಕಿರಿದಾಗಿರುವುದರಿಂದ, ಸಪೂರ ಪಾದದ ಹುಡುಗರು ಸಂಕೋಚ ಬಿಟ್ಟು ಅವುಗಳನ್ನೂ ಹಾಕಿ ನೋಡಬಹುದು. ಪಾದಕ್ಕೆ ಗಂಡು ಹೆಣ್ಣೆಂಬ ಮುಜುಗರವಿಲ್ಲ, ಅದಕ್ಕೆ ಬೇಕಾದದ್ದು ಹಿತ ಮಾತ್ರ.

ಈಗಾಗಲೇ ಕೊಂಡ ಬೂಟು ತುಸು ಸಡಿಲವಿದ್ದರೆ ಸಣ್ಣ ಉಪಾಯಗಳಿವೆ. ಇರುವ ಒಳಹಾಸಿನ ಕೆಳಗೆ ಮತ್ತೊಂದು ತೆಳುವಾದ ಹಾಸನ್ನಿಟ್ಟರೆ ಪಾದ ಮೇಲೇರಿ ಒಳಗಿನ ಖಾಲಿ ಜಾಗ ಕಡಿಮೆಯಾಗುತ್ತದೆ. ಬೂಟಿನ ನಾಲಗೆಯ ಒಳಬದಿಗೆ ದಪ್ಪ ಉಣ್ಣೆಬಟ್ಟೆಯ ತುಂಡನ್ನು ಹೊಲಿಸಿದರೆ ಅದು ಪಾದವನ್ನು ಹಿಂದಕ್ಕೊತ್ತಿ ಹಿಮ್ಮಡಿಯನ್ನು ನೆಲೆಗೊಳಿಸುತ್ತದೆ. ತೆಳು ಕಾಲ್ಚೀಲದ ಮೇಲೆ ದಪ್ಪನೆಯದನ್ನು ತೊಟ್ಟರೆ ಉಜ್ಜಾಟ ಎರಡು ಬಟ್ಟೆಗಳ ನಡುವೆ ನಡೆದು ಚರ್ಮ ಉಳಿಯುತ್ತದೆ. ಲೇಸು ಕಟ್ಟುವುದರಲ್ಲೂ ವಿದ್ಯೆಯಿದೆ. ಪಾದ ಮತ್ತು ಹರಡು ಸೇರುವ ಮಡಿಕೆಯ ಬಳಿ ಲೇಸಿನ ಎರಡು ಎಳೆಗಳನ್ನು ಒಂದರ ಸುತ್ತ ಮತ್ತೊಂದನ್ನು ಎರಡು ಬಾರಿ ಸುತ್ತಿ ಬಿಗಿದರೆ ಕೆಳಗಿನ ಬಿಗಿ ಸಡಿಲವಾಗದು. ಮೇಲಿನ ಕೊನೆಯ ಎರಡು ರಂಧ್ರಗಳಲ್ಲಿ ಲೇಸನ್ನು ಅದೇ ಬದಿಯಲ್ಲಿ ಪೋಣಿಸಿ ಎರಡೂ ಕಡೆ ಸಣ್ಣ ಕುಣಿಕೆ ಮಾಡಿ, ತುದಿಗಳನ್ನು ಎದುರು ಬದಿಯ ಕುಣಿಕೆಯೊಳಗಿಂದ ತೂರಿಸಿ ಎಳೆದು ಗಂಟು ಹಾಕಿದರೆ ಹಿಮ್ಮಡಿ ಅಲುಗಾಡದು. ಇಳಿಯಲಾರಂಭಿಸುವ ಮುನ್ನ ಕುಳಿತು ಲೇಸನ್ನು ಮತ್ತೆ ಬಿಗಿಯುವುದು ಎಲ್ಲರೂ ರೂಢಿಸಿಕೊಳ್ಳಬೇಕಾದ ಅಭ್ಯಾಸ. ಆದರೆ ಒಂದು ಎಚ್ಚರ: ಈ ಉಪಾಯಗಳು ಸ್ವಲ್ಪ ಸಡಿಲವನ್ನು ತುಂಬಬಲ್ಲವೇ ಹೊರತು, ಉದ್ದ ಕಡಿಮೆಯಿರುವ ಬೂಟನ್ನು ಯಾವ ಉಪಾಯವೂ ಉದ್ದ ಮಾಡದು. ಮಧುಮೇಹ ಇರುವವರು ಪಾದದ ಸಣ್ಣ ಗಾಯವನ್ನೂ ಅಲಕ್ಷಿಸುವಂತಿಲ್ಲ.

ಒಪ್ಪದ ಬೂಟಿನ ಪರಿಸರ ಲೆಕ್ಕ

ಪಾದಕ್ಕೆ ಒಪ್ಪದ ಬೂಟು ಕೊನೆಗೆ ಅಟ್ಟದ ಮೂಲೆ ಸೇರುತ್ತದೆ. ಅದರ ಸ್ಥಾನಕ್ಕೆ ಇನ್ನೊಂದು ಜೊತೆ ಬರುತ್ತದೆ, ಕೆಲವೊಮ್ಮೆ ಮೂರನೆಯದೂ. ಪ್ರತಿಯೊಂದು ಜೊತೆಯ ಹಿಂದೆ ಚರ್ಮ ಹದ ಮಾಡಿದ ರಾಸಾಯನಿಕವಿದೆ, ಪೆಟ್ರೋಲಿಯಂ ಮೂಲದ ರಬ್ಬರ್ ಮತ್ತು ನೊರೆಯಿದೆ, ಅಂಟು ಇದೆ. ಇವಾವುವೂ ಗೊಬ್ಬರಗುಂಡಿಯಲ್ಲಿ ಕರಗುವಂಥವಲ್ಲ. ಇನ್ನೊಂದು ಸಂಗತಿ ಹಲವರಿಗೆ ತಿಳಿಯದು. ಅನೇಕ ಬೂಟುಗಳ ನಡುವಿನ ಪದರ ಪಾಲಿಯುರಿಥೇನ್ ನೊರೆಯದ್ದು. ಗಾಳಿಯ ತೇವಾಂಶ ಅದನ್ನು ಒಳಗಿಂದೊಳಗೇ ಶಿಥಿಲಗೊಳಿಸುತ್ತದೆ, ತೊಡದೆ ಇಟ್ಟರೂ ಕೆಲವು ವರ್ಷಗಳಲ್ಲಿ ಅದು ಪುಡಿಯಾಗುತ್ತದೆ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂತಹ ಊರುಗಳಲ್ಲಿ ಇದು ಇನ್ನೂ ಬೇಗ. ಅಟ್ಟದಿಂದ ಇಳಿಸಿದ ‘ಹೊಸ’ ಬೂಟಿನ ಅಡಿ ಬೆಟ್ಟದ ನಡುವೆ ಕಿತ್ತುಬರುವುದಕ್ಕೆ, ಆ ತುಂಡುಗಳು ಹಾದಿಬದಿಯ ಪೊದೆಗಳಲ್ಲಿ ಬಿದ್ದಿರುವುದಕ್ಕೆ ಇದೇ ಕಾರಣ. ಸರಿಯಾಗಿ ಒಪ್ಪುವ ಒಂದು ಜೊತೆ, ಸವೆಯುವವರೆಗೆ ತೊಟ್ಟು, ಹರಿದಾಗ ಹೊಲಿಸಿಕೊಂಡ ಒಂದು ಜೊತೆ, ಇದಕ್ಕಿಂತ ದೊಡ್ಡ ಮಿತವ್ಯಯವಿಲ್ಲ.

ಮಾಡಬೇಕಾದದ್ದೇನು

ಮೊದಲ ಹೊಣೆ ಶಾಲೆಗಳದ್ದು. ಗುಡ್ಡದ ಮಗುವಿಗೆ ಶಾಲೆಯ ಶೂ ಎಂದರೆ ಚಾರಣದ ಬೂಟೇ. ರಾಜ್ಯ ಸರ್ಕಾರ 2015-16ರಿಂದ ಸರ್ಕಾರಿ ಶಾಲೆಗಳ ಒಂದರಿಂದ ಹತ್ತನೆಯ ತರಗತಿಯ ಮಕ್ಕಳಿಗೆ ಶೂ ಮತ್ತು ಕಾಲ್ಚೀಲ ನೀಡುವ ಯೋಜನೆಯನ್ನು ಆರಂಭಿಸಿತು. ಖರೀದಿಯ ಹೊಣೆಯನ್ನು ಶಾಲಾಭಿವೃದ್ಧಿ ಸಮಿತಿಗಳಿಗೆ ವಹಿಸಿದ್ದು ಅದರ ಒಳ್ಳೆಯ ಅಂಶ. ಸಮಿತಿಯಲ್ಲಿರುವವರು ಊರಿನ ಪೋಷಕರೇ. ತರಗತಿಗೊಂದು ನಂಬರು ಎಂದು ಸಗಟಾಗಿ ಬರೆದುಕೊಡುವ ಬದಲು, ಪ್ರತಿ ಮಗುವಿನ ಪಾದದ ಗೆರೆ ಎಳೆದು, ಉದ್ದದೊಂದಿಗೆ ಅಗಲವನ್ನೂ ನಮೂದಿಸಿ ಸರಬರಾಜುದಾರರಿಂದ ಒಪ್ಪುವ ಜೊತೆಯನ್ನೇ ಕೇಳುವುದು ಅವರಿಂದಾಗದ ಕೆಲಸವಲ್ಲ. ಒಂದು ಮಧ್ಯಾಹ್ನ, ಒಂದಿಷ್ಟು ಕಾಗದ, ಒಂದು ಟೇಪು ಸಾಕು. ಮೇಲೆ ಹೇಳಿದ ಸಮೀಕ್ಷೆಯ ಪ್ರಕಾರ ಹುಡುಗಿಯರ ಪಾದ ಹನ್ನೊಂದನೆಯ ವಯಸ್ಸಿನ ಸುಮಾರಿಗೆ, ಹುಡುಗರದು ಹದಿನೈದು ಹದಿನಾರರ ಸುಮಾರಿಗೆ ಅತ್ಯಂತ ವೇಗವಾಗಿ ಬೆಳೆಯುತ್ತದೆ. ಆ ವಯಸ್ಸಿನಲ್ಲಿ ಕಳೆದ ವರ್ಷದ ನಂಬರನ್ನು ನಂಬುವಂತಿಲ್ಲ.

ಎರಡನೆಯದು ಅರಣ್ಯ ಇಲಾಖೆಯದು. ವಾಚರುಗಳಿಗೂ ಮಹಿಳಾ ರಕ್ಷಕಿಯರಿಗೂ ಕೊಡುವ ಬೂಟು ಒಪ್ಪದಿದ್ದರೆ ಅವರು ಅದನ್ನು ಮೂಲೆಗಿಟ್ಟು ಚಪ್ಪಲಿಯಲ್ಲೇ ಕಾಡು ತಿರುಗಬೇಕಾಗುತ್ತದೆ. ಕಡತದಲ್ಲಿ ಬೂಟು ವಿತರಣೆಯಾಗಿರುತ್ತದೆ, ಕಾಲಿನಲ್ಲಿ ಇರುವುದಿಲ್ಲ. ಟೆಂಡರಿನ ಷರತ್ತುಗಳಲ್ಲಿ ಅಗಲದ ಅಳತೆಯನ್ನು ಸೇರಿಸುವುದು ಒಂದು ಸಾಲಿನ ತಿದ್ದುಪಡಿ.

ಮೂರನೆಯದು ಊರಿನ ಚಮ್ಮಾರಿಕೆಯನ್ನು ಗೌರವಿಸಿ ಉಳಿಸಿಕೊಳ್ಳುವುದು. ಹರಳಯ್ಯ ಮತ್ತು ಕಲ್ಯಾಣಮ್ಮ ಬಸವಣ್ಣನವರ ಪಾದಗಳಿಗೆಂದೇ ಮೆಟ್ಟು ಹೊಲಿದ ಕಥೆ ಈ ನಾಡಿನ ನೆನಪಿನಲ್ಲಿದೆ. ಒಂದು ಪಾದವನ್ನು ನೋಡಿ, ಆ ಪಾದಕ್ಕಾಗಿಯೇ ದುಡಿಯುವ ಶ್ರಮದ ಘನತೆ ಅದು. ಅಥಣಿ, ನಿಪ್ಪಾಣಿಗಳ ಚಪ್ಪಲಿ ಕುಶಲತೆಗೆ ಕೊಲ್ಹಾಪುರಿ ಎಂಬ ಹೆಸರಿನಡಿ 2019ರಲ್ಲಿ ಭೌಗೋಳಿಕ ಮಾನ್ಯತೆಯೂ ದೊರೆತಿದೆ. ಇಂತಹ ಕೈಗಳಿರುವ ರಾಜ್ಯದಲ್ಲಿ ಸಪೂರ ಪಾದಕ್ಕೆ ಬೂಟಿಲ್ಲವೆಂಬುದು ಕೌಶಲದ ಕೊರತೆಯಲ್ಲ, ವ್ಯವಸ್ಥೆಯ ಉದಾಸೀನ. ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಲಿಡ್ಕರ್ ಬೇರೆ ಬೇರೆ ಅಗಲದ ಅಚ್ಚುಗಳನ್ನು ಕುಶಲಕರ್ಮಿಗಳಿಗೆ ಒದಗಿಸಿ, ಮಲೆನಾಡಿನ ನಡಿಗೆಗೆ ತಕ್ಕ ಬೂಟು ತಯಾರಿಕೆಯ ತರಬೇತಿ ಕೊಡಬಹುದು. ಜಾತಿಯ ಕಾರಣದಿಂದ ಕೀಳಾಗಿ ಕಾಣಲಾದ ಕಸುಬಿಗೆ ಮರ್ಯಾದೆಯ ಆದಾಯ ದೊರೆಯುವುದಾದರೆ ಅದೂ ಪರಿಸರ ನ್ಯಾಯದ ಭಾಗವೇ.

ನಾಲ್ಕನೆಯದು ಶಿಬಿರ ನಡೆಸುವ ಸಂಘಟನೆಗಳದ್ದು. ಶಿಬಿರಕ್ಕೆ ಒಂದು ತಿಂಗಳು ಮೊದಲೇ ಶಿಬಿರಾರ್ಥಿಗಳ ಪಾದದ ಅಳತೆ ತರಿಸಿಕೊಳ್ಳುವುದು, ಚೆನ್ನಾಗಿರುವ ಹಳೆಯ ಬೂಟುಗಳನ್ನು ಸಂಗ್ರಹಿಸಿ ಉದ್ದ ಮತ್ತು ಅಗಲದ ಚೀಟಿ ಅಂಟಿಸಿ ಎರವಲು ಕೊಡುವುದು, ಮೊದಲ ದಿನ ಸಣ್ಣ ಗುಡ್ಡವೊಂದನ್ನು ಹತ್ತಿಳಿದು ಎಲ್ಲರ ಪಾದ ಪರೀಕ್ಷಿಸುವುದು, ಇವಿಷ್ಟನ್ನು ಯಾವ ಅನುದಾನವೂ ಇಲ್ಲದೆ ಮಾಡಬಹುದು. ಹಿಂದುಳಿದವರನ್ನು ಗೇಲಿ ಮಾಡುವ ಮೊದಲು ಅವರ ಬೂಟು ಬಿಚ್ಚಿಸಿ ನೋಡುವುದು ನಾಯಕತ್ವದ ಮೊದಲ ಪಾಠವಾಗಬೇಕು.

ಕಾಡಿನಲ್ಲಿ ಎರಡು ಎಲೆ ಒಂದೇ ಅಳತೆಯಲ್ಲಿಲ್ಲ ಎಂದು ಶಿಬಿರಗಳಲ್ಲಿ ಮಕ್ಕಳಿಗೆ ಹೇಳಿಕೊಡಲಾಗುತ್ತದೆ. ಅದನ್ನು ಕೇಳುತ್ತ ನಿಂತ ಮಕ್ಕಳ ಕಾಲುಗಳಲ್ಲಿ ಮಾತ್ರ ಒಂದೇ ಅಚ್ಚಿನ ಬೂಟು! ಅವರಲ್ಲಿ ಯಾರೋ ಒಬ್ಬರು ನೋವನ್ನು ನುಂಗಿಕೊಂಡು ನಿಂತಿರಬಹುದು. ಮುಂದಿನ ಶಿಬಿರ ಆರಂಭವಾಗುವುದು ಆ ಪಾದವನ್ನು ಕೇಳುವುದರಿಂದಲೇ ಆಗಲಿ.